ನೆಲಕ್ಕೆ ಯಾವ ತಂತಿ

ಗಂಗಾವತಿಯಿಂದ ಬಂದ ಹುಸೇನಪ್ಪ ಮಿಸ್ತ್ರಿ ಕೈಕಾಲು ಸಹ ತೊಳೆಯದೆ ಊಟಕ್ಕೆ ಕೂತ. ಮೊದಲ ತುತ್ತು ಮುರಿಯುವ ಮುಂಚೆಯೇ, "ಸುಟ್ಟು ಹೋತು" ಅಂದ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಪಕ್ಕೀರವ್ವನ ಕೈ ನಿಂತಿತು. ಸೊಸೆ ಹೇಮಾವತಿ ಪುಂಡಿಪಲ್ಯ ಬಡಿಸಲು ಬಂದವಳು ಸೌಟು ಹಿಡಿದುಕೊಂಡೇ ಕೇಳಿದಳು.

"ಏನ್ ಸುಟ್ಟಿತ್ರಿ, ಮಾವಾರ?"

"ಇನ್ನೇನು? ನೀ ಸುತ್ತಿದ್ದು. ಬ್ಯಾಟರಿ ಹಚ್ಚಿದ್ದ ತಡ, ಬಾನೆಟ್ ತುಂಬ ಹೊಗಿ. ಸಾವ್ಕಾರ್ರು, ಅವರ ಡ್ರೈವರ್ ಹನಮೇಶ, ಮಿಲ್ಲಿನ ಹಮಾಲ್ರು, ಎಲ್ಲಾರೂ ನಿಂತು ನೋಡಿದ್ರು. ನಲ್ವತ್ತ ವರ್ಷದ ಮರ್ಯಾದಿ ಒಂದ ನಿಮಿಷದಾಗ ಮಣ್ಣಾತು."

ಸುಟ್ಟದ್ದು ಗಂಗಾವತಿಯ ಅಕ್ಕಿ ಮಿಲ್ಲಿನ ಗೋವಿಂದರಾಜ ಸಾವ್ಕಾರರ ಲ್ಯಾಂಡ್‌ಮಾಸ್ಟರ್ ಕಾರಿನ ಆಲ್ಟರ್ನೇಟರ್, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ. ಸಾವ್ಕಾರರ ತಂದೆ ಕೊಂಡ ಗಾಡಿ ಅದು, ಅರವತ್ತೈದು ವರ್ಷ ಮೇಲ್ಪಟ್ಟದ್ದು. ಮೂರು ವಾರಕ್ಕೆ ಮಗಳು ರೂಪಾಳ ಮದುವೆ. ಮದುಮಗಳು ಅಜ್ಜನ ಕಾರಿನಲ್ಲೇ ಮಂಟಪಕ್ಕೆ ಹೋಗಬೇಕೆಂದು ಮನೆಮಂದಿಗೆಲ್ಲ ಆಸೆ. ಆದರೆ ಆ ಕಾಲದ ಡೈನಮೊಕ್ಕೆ ಮುಂದಿನ ಎರಡು ದೀಪ ಹತ್ತಿಸುವಷ್ಟರಲ್ಲೇ ಏದುಸಿರು. ಹಾಗಾಗಿ ಹೊರಗೆ ಡೈನಮೊದ ಹಳೇ ಚಿಪ್ಪು ಹಾಗೇ ಇರಬೇಕು, ಅದರ ಹೊಟ್ಟೆಯೊಳಗೆ ಆಲ್ಟರ್ನೇಟರ್ ಕೂತಿರಬೇಕು, ಬಾನೆಟ್ ತೆಗೆದು ನೋಡಿದವನಿಗೂ ಗುರುತು ಹತ್ತಬಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಿನಲ್ಲಿ ಇಂಥ ಕೆಲಸಕ್ಕೆ ಕುಕನೂರಿನ ಹುಸೇನಪ್ಪನೇ ಬೇಕು ಎಂದು ಹೆಸರಿತ್ತು.

ಹೆಸರು ಹುಸೇನಪ್ಪನದು, ಕೈ ಹೇಮಾವತಿಯದು. ಇದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷದ ಕೆಳಗೆ ಮಿಸ್ತ್ರಿಯ ಬಲಗಣ್ಣಿನ ಆಪರೇಷನ್ ಆಯಿತು. ಅಲ್ಲಿಂದಾಚೆ ಒಂದು ತಂತಿ ಎರಡಾಗಿ ಕಾಣತೊಡಗಿತು. ತಳಕಲ್ಲಿನಿಂದ ಸೊಸೆಯಾಗಿ ಬಂದ ಹೇಮಾವತಿ ತವರಲ್ಲಿ ಕೌದಿ ಹೊಲಿದು ಪಳಗಿದವಳು. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮೊದಲು ಮಾವನಿಗೆ ತಂತಿ ಎತ್ತಿ ಕೊಟ್ಟಳು, ಆಮೇಲೆ ಸುತ್ತು ಎಣಿಸಿದಳು, ಒಂದು ವರ್ಷದೊಳಗೆ ತಾನೇ ಸುತ್ತತೊಡಗಿದಳು. ದಿನಾ ಮಧ್ಯಾಹ್ನ ಪಕ್ಕೀರವ್ವ ಗಂಡನ ಅಂಗಡಿಗೆ ಬುತ್ತಿ ಒಯ್ಯುತ್ತಿದ್ದಳು. ಕೆಲಸ ಮುಗಿದ ದಿನ ಚೀಲದಲ್ಲಿ ಮೇಲೆ ರೊಟ್ಟಿ, ಕೆಳಗೆ ಸೊಸೆ ತಂತಿ ಸುತ್ತಿದ ಕಬ್ಬಿಣದ ಬಳೆ. ಅದಕ್ಕೆ ಅವರು ಕಾಯಿಲ್ ಅನ್ನುತ್ತಿದ್ದರು. ಹುಸೇನಪ್ಪ ಅದರ ಒಳಅಂಚಿಗೆ ಉಳಿಯಿಟ್ಟು 'ಹು' ಎಂದು ಗುರುತು ಬಡಿದರೆ ಮುಗಿಯಿತು, ಕೆಲಸ ಅವನದೇ.

"ಸಾವ್ಕಾರ್ರಿಗೆ ಏನ್ ಹೇಳಿದ್ರಿ?" ಹೇಮಾವತಿ ಕೇಳಿದಳು.

ಹುಸೇನಪ್ಪ ರೊಟ್ಟಿ ನೋಡುತ್ತ ಹೇಳಿದ. "ಏನ್ ಹೇಳ್ಲಿ? ಮನ್ಯಾಗಿನ ಸೊಸಿ ಸುತ್ತಿದ್ದು, ಹೆಣ್ಣಿನ ಕೈ ತಪ್ಪೇತಿ ಅಂದೆ."

ಅಪ್ಪನ ಪಕ್ಕದಲ್ಲಿ ಉಣ್ಣುತ್ತಿದ್ದ ರವಿಕುಮಾರ ತಲೆ ಎತ್ತಿದ. ಅವನು ಗಿಣಿಗೇರಾದ ಕಬ್ಬಿಣದ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಗಾರ, ಈಗಷ್ಟೇ ಶಿಫ್ಟ್ ಮುಗಿಸಿ ಬಂದಿದ್ದ. ಹೆಂಡತಿಯ ಮುಖ ನೋಡಿದವನೇ ಮತ್ತೆ ತಾಟಿಗೆ ತಲೆ ಹಾಕಿದ.

"ಆರು ವರ್ಷ ಸುತ್ತೀನ್ರಿ," ಹೇಮಾವತಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಒಂದ ದಿನ ನನ್ನ ಹೆಸರು ಹೇಳಿದಾವರಲ್ಲ. ಇವತ್ತ ಹೇಳೀರಿ."

"ಹೇಳದ ಏನ್ ಮಾಡಬೇಕಿತ್ತು? ನಾ ಸುಟ್ಟೀನಿ ಅನ್ನಬೇಕಿತ್ತೇನು?"

"ಗುರುತು ನಿಮ್ದು ಐತಿ, ಸುಟ್ಟಿದ್ದಷ್ಟ ನಂದೇನ್ರಿ?"

"ಏ, ಬಾಯಿ ಸಣ್ಣದು ಮಾಡು!" ಪಕ್ಕೀರವ್ವ ಒಲೆಯ ಕಡೆಯಿಂದ ಗದರಿದಳು. "ಉಣ್ಣೂ ಹೊತ್ತಿನ್ಯಾಗ ಎದುರಾ ಎದುರ ಮಾತಾಡ್ತಾರೇನು? ಮೊದಲ ಹೇಳಿದ್ದೆ ನಾ, ಹೆಣ್ಮಕ್ಕಳಿಗೆ ಒಲಿ ಸಾಕು, ಆ ಡೈನಮೊ ಬ್ಯಾಡ ಅಂತ. ಕಸ ಬಿದ್ದಿರತೈತಿ, ಬಟ್ಟಿ ನೆನಿದಿರತಾವು, ಇಕಿ ತಂತಿ ಎಣಸ್ಕೋಂತ ಕುಂತಿರತಾಳ."

ಹೇಮಾವತಿಗೆ ಕಣ್ಣಲ್ಲಿ ನೀರು ಬಂತು. ಅದು ದುಃಖಕ್ಕಿಂತ ಸಿಟ್ಟಿನ ನೀರು. ಆ ರಾತ್ರಿ ಅವಳು ಉಣ್ಣಲಿಲ್ಲ. ಒಂಬತ್ತು ವರ್ಷದ ಮಗಳು ಮೇಘಾ, "ಅವ್ವಾ, ನೀ ಖರೇನ ಸುಟ್ಟೀಯೇನು?" ಎಂದು ಕೇಳಿದಾಗ, "ನಾಳೆ ನೋಡೋಣ, ಮಲಕ್ಕೊ" ಅಂದಳು.

ಮರುದಿನ ಗಂಡ ಶಿಫ್ಟಿಗೆ, ಮಗಳು ಶಾಲೆಗೆ ಹೋದ ಮೇಲೆ ಅವಳು ಕಸ ಹೊಡೆಯಲಿಲ್ಲ, ಬಟ್ಟೆ ನೆನೆಹಾಕಲಿಲ್ಲ. ಕೋಣೆಯ ಬಾಗಿಲು ತೆರೆದಿಟ್ಟುಕೊಂಡೇ ಗಂಗಾವತಿಯಿಂದ ವಾಪಸು ಬಂದ ಆಲ್ಟರ್ನೇಟರನ್ನು ಬಿಚ್ಚಿದಳು. ಕಾಯಿಲ್ ಹೊರಗೆ ತೆಗೆದು ಬೆಳಕಿಗೆ ಹಿಡಿದಳು. ತಾಮ್ರದ ಮೇಲಿನ ವಾರ್ನಿಷ್ ಅವಳು ಹಚ್ಚಿ ಮಾಳಿಗೆಯ ಬಿಸಿಲಲ್ಲಿ ಒಣಗಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ಎಳೆಯೂ ಕಪ್ಪಾಗಿರಲಿಲ್ಲ. ಹೋದದ್ದು ಡಯೋಡು. ಡಯೋಡ್ ಎಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಬಾಗಿಲು. ಬ್ಯಾಟರಿ, ಬಲ್ಬು ಹಚ್ಚಿ ಒಂದೊಂದನ್ನೂ ಎರಡೂ ಕಡೆಯಿಂದ ಮುಟ್ಟಿಸಿದಳು. ಆರಕ್ಕೆ ಆರೂ ಎರಡೂ ಕಡೆ ಬಲ್ಬು ಹತ್ತಿಸಿದವು. ಆರೂ ಬಾಗಿಲು ಮುರಿದು ಹೋಗಿದ್ದವು.

ಆರೂ ಒಮ್ಮೆಗೇ ಹೋಗಬೇಕಾದರೆ ಕಾರಣ ಒಂದೇ. ಬ್ಯಾಟರಿ ಉಲ್ಟಾ ಹಚ್ಚಿರಬೇಕು.

ಅವಳು ಕಾಯಿಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಜೋಳ ಹಸನು ಮಾಡುತ್ತಿದ್ದ ಅತ್ತೆಯ ಮುಂದೆ ಹಿಡಿದಳು.

"ಅತ್ತೀ, ಇದನ್ನ ಮೂಸಿ ನೋಡ್ರಿ."

"ನಾ ಯಾಕ ಮೂಸ್ಲಿ?"

"ನಲ್ವತ್ತ ವರ್ಷ ಮಾವಾರ ಅಂಗಿ ಒಗದೀರಿ. ಸುಟ್ಟ ಕಾಯಿಲ್ ವಾಸನಿ ನಿಮಗ ಗೊತ್ತಿಲ್ದ ಯಾರಿಗೆ ಗೊತ್ತು?"

ಅದು ಸುಳ್ಳಲ್ಲ. ಸುಟ್ಟ ತಂತಿಯ ಘಾಟು ಬಟ್ಟೆಗೆ ಹತ್ತಿದರೆ ಮೂರು ಒಗೆತಕ್ಕೂ ಬಿಡುವುದಿಲ್ಲ. ಪಕ್ಕೀರವ್ವ ಮೊರ ಕೆಳಗಿಟ್ಟು ಮೂಗು ಹತ್ತಿರ ತಂದಳು. ಒಮ್ಮೆ ಮೂಸಿ, ಕಾಯಿಲನ್ನು ಹೊರಳಿಸಿ ಇನ್ನೊಮ್ಮೆ ಮೂಸಿದಳು. ಸೊಸೆಯ ಪರ ಮಾತಾಡಿ ಅವಳಿಗೆ ರೂಢಿಯಿಲ್ಲ. ಆದರೆ ಮೂಗಿಗೆ ಸುಳ್ಳು ಹೇಳಿಸಿಯೂ ರೂಢಿಯಿಲ್ಲ.

"ಇದು ಸುಟ್ಟಿಲ್ಲ," ಅಂದಳು. "ನನ್ನ ಯಾಕ ನಿಮ್ಮ ಜಗಳದಾಗ ಎಳೀತಿ ನೀ?" ಎಂದು ಮೊರ ಎತ್ತಿಕೊಂಡಳು.

ಅಂಗಡಿಗೆ ಹೊರಟಿದ್ದ ಹುಸೇನಪ್ಪ ಹೊಸ್ತಿಲ ಬಳಿ ನಿಂತಿದ್ದ. ಹೇಮಾವತಿ ಅವನ ಕಡೆ ತಿರುಗಿದಳು.

"ಮಾವಾರ, ಕಾಯಿಲ್ ಛಲೋ ಐತ್ರಿ. ಡಯೋಡ್ ಆರೂ ಹೋಗ್ಯಾವು. ಅಲ್ಲಿ ಬ್ಯಾಟರಿ ಹೆಂಗ ಹಚ್ಚಿದ್ರಿ?"

"ನನಗ ಕಲಸ್ತೀಯೇನು? ನೀ ಹುಟ್ಟೂಕಿಂತ ಮೊದಲ ಡೈನಮೊ ಬಿಚ್ಚೀನಿ ನಾ!" ಅವಳ ಕೈಯಿಂದ ಕಾಯಿಲ್ ಕಸಿದುಕೊಂಡು ಚೀಲಕ್ಕೆ ಹಾಕಿಕೊಂಡು ಹೋಗಿಯೇಬಿಟ್ಟ.

ಮಧ್ಯಾಹ್ನ ಪಕ್ಕೀರವ್ವ ಬುತ್ತಿ ಒಯ್ದಾಗ ಅಂಗಡಿಯ ಹಿಂದೆ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಹೋಗಿ ನೋಡಿದಳು. ಗಂಡ ನೆಲಕ್ಕೆ ಕೂತು ಉಳಿ ಸುತ್ತಿಗೆಯಿಂದ ಆ ಕಾಯಿಲಿನ ತಂತಿ ಕಡಿಯುತ್ತಿದ್ದ. ಕಡಿದ ತಾಮ್ರ ಒಳಗೆಲ್ಲ ಹೊಸ ಪೈಸೆಯ ಹಾಗೆ ಹೊಳೆಯುತ್ತಿತ್ತು.

"ಇದೇನ್ ಮಾಡಾಕ ಹತ್ತೀರಿ?"

"ಸುಟ್ಟ ಕಾಯಿಲ್ ಕಡೀಬೇಕಾಗತೈತಿ. ಹೊಸದಾಗಿ ಸುತ್ತೂದು."

ಪಕ್ಕೀರವ್ವ ಬುತ್ತಿ ಇಟ್ಟಳು. ಎಂದಿನಂತೆ ಪಕ್ಕದಲ್ಲಿ ಕೂತು ಬಡಿಸಲಿಲ್ಲ. ಕಡಿದ ತಾಮ್ರವನ್ನೆಲ್ಲ ಒಂದೂ ಬಿಡದೆ ಆರಿಸಿ ಖಾಲಿ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಳು, ಸೊಸೆಯ ಮುಂದೆ ಸುರಿದಳು.

"ನೋಡವ್ವಾ. ನಿನ್ನ ಕೆಲಸ."

ಹೇಮಾವತಿ ಒಂದು ತುಂಡು ಎತ್ತಿ ನೋಡಿದಳು. ಆರು ದಿನ ಕೂತು ಮೂವತ್ತಾರು ಸಂದಿಗೆ ಒಂದೊಂದಾಗಿ ಇಳಿಸಿದ ತಂತಿ. ಅವಳು ಅಳಲಿಲ್ಲ. ಎದ್ದು ತಂತಿ ಸುತ್ತುವ ಸ್ಟ್ಯಾಂಡು, ತಂತಿಯನ್ನು ಸಂದಿಗೆ ಒತ್ತುವ ಬಿದಿರಿನ ಚಕ್ಕೆ, ಕತ್ತರಿ, ವಾರ್ನಿಷ್ ಡಬ್ಬಿ ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟಳು. ಆಮೇಲೆ ಕಸಬರಿಗೆ ಹಿಡಿದಳು.

ಅಂದು ಸಂಜೆ ಹುಸೇನಪ್ಪ ಊಟಕ್ಕೆ ಕೂತಾಗ ಪಕ್ಕೀರವ್ವ ರೊಟ್ಟಿಯ ಬುಟ್ಟಿ, ಪಲ್ಯದ ಪಾತ್ರೆ ಎರಡನ್ನೂ ಅವನ ಮುಂದೆ ತಂದಿಟ್ಟು, "ನೀವ ಹಾಕ್ಕೊಂಡು ಉಣ್ರಿ" ಅಂದಳು. ಮದುವೆಯಾದಂದಿನಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಹುಸೇನಪ್ಪ ಸ್ವಲ್ಪ ಹೊತ್ತು ಕಾದ. ಯಾರೂ ಬರಲಿಲ್ಲ. ತಾನೇ ಹಾಕಿಕೊಂಡು ಉಂಡ.

ಕೆಟ್ಟ ಸುದ್ದಿಗೆ ಕಾಲು ಬೇರೆ ಬೇಕೇ. ಹನಮೇಶ ಗಂಗಾವತಿಯಲ್ಲಿ ಹೇಳಿದ್ದು ಕೊಪ್ಪಳಕ್ಕೆ ಬಂತು, ಕೊಪ್ಪಳದ್ದು ವಾರದೊಳಗೆ ಕುಕನೂರಿಗೆ ಬಂತು. ಟ್ರ್ಯಾಕ್ಟರಿನ ಹೊಳಿಯಪ್ಪ ಅಂಗಡಿಗೆ ಬಂದು, "ಮಿಸ್ತ್ರಿ, ನನ್ನ ಡೈನಮೊ ಸುತ್ತಿದಾವರು ಯಾರ್ರಿ? ನೀವೋ ಸೊಸೀನೋ?" ಎಂದು ಕೇಳಿದ. ಹುಸೇನಪ್ಪ ಉತ್ತರ ಕೊಡುವಷ್ಟರಲ್ಲಿ, ರಿಪೇರಿಗೆ ಇಟ್ಟಿದ್ದ ಇನ್ನೊಂದನ್ನು ಎತ್ತಿಕೊಂಡು ಹೋದ. ಕುಷ್ಟಗಿಯ ಗ್ಯಾರೇಜಿನ ಮುಜೀಬ ತಿಂಗಳಿಗೆ ಒಂದೆರಡು ಕೆಲಸ ಕಳಿಸುವವನು ಫೋನ್ ಮಾಡಿ, "ಸದ್ಯ ಕಳಸಂಗಿಲ್ಲ ಚಾಚಾ, ಗಿರಾಕಿ ಕೇಳವಲ್ರು" ಅಂದ. ಬೀದಿಯ ನಲ್ಲಿಯ ಹತ್ತಿರ ಹೆಂಗಸೊಬ್ಬಳು ಹೇಮಾವತಿಗೆ, "ಗಂಡಸರ ಕೆಲಸಕ್ಕ ಯಾಕ ಕೈ ಹಾಕಾಕ ಹೋದಿ ತಂಗಿ" ಅಂದಳು. ತುಂಬಿದ ಕೊಡ ಹೊತ್ತು ಮನೆಗೆ ಬರುವಷ್ಟರಲ್ಲಿ ಹೇಮಾವತಿಯ ಮೈ ಉರಿಯುತ್ತಿತ್ತು.

"ಇವತ್ತ ಬಸ್ಸಿನ್ಯಾಗೂ ಕೇಳಿದ್ರು," ರವಿಕುಮಾರ ಅಂಗಿ ಕಳಚುತ್ತ ಹೇಳಿದ. "ನೋಡ, ಅಪ್ಪಗ ಅರವತ್ತನಾಲ್ಕು. ಕಣ್ಣ ಹೋಗ್ಯಾವು. ಒಂದ ಮಾತು ಆಡ್ಯಾನ, ಬಿಟ್ಟಬಿಡು. ಆ ಸ್ಟ್ಯಾಂಡ್ ಕೆಳಗ ಇಳಸು."

"ಇಳಸಂಗಿಲ್ಲ."

"ಸಾವ್ಕಾರ್ರ ಮನಿ ಮದುವಿ ಹತ್ರ ಬಂತು. ಅಪ್ಪ ಒಬ್ಬಾಂವ ಹೆಂಗ ಸುತ್ತತಾನ?"

"ಹೆಂಗ ಕಡದ್ರೋ ಹಂಗ ಸುತ್ತಲಿ."

"ಹೇಮಾ! ಅಪ್ಪನ ಮರ್ಯಾದಿ ಪ್ರಶ್ನಿ ಇದು."

"ನಂದು ಏನ್ರಿ? ನಿಮ್ಮ ಫ್ಯಾಕ್ಟರ್ಯಾಗ ಮ್ಯಾಲಿನಾಂವ ಮಾಡಿದ ತಪ್ಪಿಗೆ ನಿಮ್ಮ ಗೇಟ್‌ಪಾಸ್ ಕಸಗೊಂಡ್ರ, ಅಂವಗ ವಯಸ್ಸಾಗೇತಿ ಅಂತ ಸುಮ್ಮನ ಬರ್ತೀರೇನು? ನನಗಿದ್ದದ್ದು ಇದೊಂದ ಕೆಲಸ. ಇನ್ನ ಯಾರ್ ಕೊಡ್ತಾರ ನನ್ನ ಕೈಯಾಗ?"

ರವಿಕುಮಾರ ಏನೋ ಹೇಳಲು ಹೋದ. ಒಳಗಿಂದ ಪಕ್ಕೀರವ್ವ, "ರವೀ, ಸುಮ್ಮನ ಉಣ್ಣು ಬಾ. ನಿನಗೇನ್ ಗೊತ್ತೈತಿ ಅದರಾಗ?" ಎಂದಳು. ತಾಯಿ ಯಾವ ಕಡೆ ಇದ್ದಾಳೆಂದು ಅವನಿಗೆ ಆಗ ತಿಳಿಯಿತು. ಅವನಿಗೆ ಅದು ಮನೆಯ ಕಂಬ ಸರಿದಷ್ಟು ಆಶ್ಚರ್ಯ.

ಹುಸೇನಪ್ಪ ಹಟಕ್ಕೆ ಬಿದ್ದ. ಅಂಗಡಿಯಲ್ಲಿದ್ದ ಹಳೇ ಸ್ಟ್ಯಾಂಡ್ ಮನೆಗೆ ತಂದು ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರು, ಸುತ್ತಲು ಕೂತ. ಸುತ್ತು ಎಣಿಸಲು ಮೊಮ್ಮಗಳನ್ನು ಕೂರಿಸಿಕೊಂಡ.

"ಹತ್ತು," ಅಂದ ಹುಸೇನಪ್ಪ.

"ಅಜ್ಜಾ, ಹನ್ನೊಂದು ಆದ್ವು."

"ಹತ್ತ ಅದಾವ. ಸರಿಯಾಗಿ ನೋಡು."

"ನೀ ಒಂದನ್ನ ಎರಡ ಸಲ ಹಾಕಿದಿ ಅಜ್ಜಾ. ಅವ್ವ ಹಿಂಗ ಹಾಕಂಗಿಲ್ಲ."

"ನಿಮ್ಮವ್ವಂದ ಹೇಳಬ್ಯಾಡ!"

ಮೇಘಾ ಎದ್ದು ಓಡಿಹೋದಳು. ಐದು ದಿನ ಒಬ್ಬನೇ ಕೂತ. ಕನ್ನಡಕ ಒರೆಸಿ ಒರೆಸಿ ಸುತ್ತಿದ. ಐದನೆಯ ದಿನ ಬಲ್ಬು ಹಚ್ಚಿ ನೋಡಿದರೆ ತಂತಿ ಕಬ್ಬಿಣಕ್ಕೆ ತಾಗಿಕೊಂಡು ಬಲ್ಬು ನಿಗಿನಿಗಿ ಉರಿಯಿತು. ಎಲ್ಲೋ ಸಂದಿಗೆ ತುರುಕುವಾಗ ತಂತಿಯ ಮೇಲ್ಪದರ ಕೆರೆದು ಹೋಗಿತ್ತು. ಎಲ್ಲಿ ಎಂದು ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೇಮಾವತಿಗೆ ಅಷ್ಟು ದೂರದಿಂದಲೇ ಕಂಡಿತು. ಬೆರಳು ತೋರಿಸಬೇಕೆನ್ನಿಸಿತು. ತೋರಿಸಲಿಲ್ಲ.

ಆಗಲೇ ಫೋನ್ ಬಂತು. ಕಿವಿ ಮಂದವಾದ ಮಿಸ್ತ್ರಿಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. ಗೋವಿಂದರಾಜ ಸಾವ್ಕಾರರ ದನಿ ಮನೆ ತುಂಬ ಕೇಳಿತು.

"ಮಿಸ್ತ್ರಿ, ಹತ್ತ ದಿನ ಉಳದಾವ ನೋಡ್ರಿ. ಆಗಂಗಿಲ್ಲಂದ್ರ ಹೇಳ್ರಿ, ಹುಬ್ಬಳ್ಳಿಯಿಂದ ಯಾರನರೆ ಕರಸ್ತೀನಿ. ನಮ್ಮ ಗೆಳ್ಯಾರ ಹಂತೇಕ ಇನ್ನೂ ಏಳೆಂಟ ಹಳೇ ಗಾಡಿ ಅದಾವ. ನಿಮ್ಮ ಹೆಸರು ಹೇಳಿದ್ದೆ ನಾ. ಈಗ ನನಗ ನಾಚಿಗಿ ಬರಾಕತ್ತೇತಿ."

"ಆಗತೈತ್ರಿ ಸಾವ್ಕಾರ್ರ," ಅಂದ ಹುಸೇನಪ್ಪ. ಫೋನ್ ಇಟ್ಟ. ಬಹಳ ಹೊತ್ತು ಕಾಯಿಲ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಕಡೆಗೆ ಅವನೇ ಕರೆದ. "ಹೇಮಾ, ಇಲ್ಲಿ ಬಾರವ್ವಾ."

ಅವಳು ಬಂದು ನಿಂತಳು. ಪಕ್ಕೀರವ್ವ ಒಳಗೆ ಮೆಣಸಿನಕಾಯಿ ಕುಟ್ಟುವುದನ್ನು ನಿಲ್ಲಿಸಿದಳು.

"ನನಗ ಕೆಲಸ ಕಲಿಸಿದ ಉಸ್ತಾದ್ ಮಾಜೀದ ಸಾಹೇಬ್ರದು ಹೇಳೀನಲ್ಲ ನಿನಗ. ಬಾನೆಟ್ ಮುಚ್ಚೂ ಮುಂದ ಕೇಳ್ತಿದ್ರು, ನೆಲಕ್ಕ ಯಾವುದು ಅಂತ."

ಅದು ಆ ಮನೆಯ ಕೆಲಸದ ಪದ್ಧತಿಯೂ ಆಗಿತ್ತು. ಕಾರಿನ ಕಬ್ಬಿಣದ ಮೈಗೆ ಉಸ್ತಾದರು ನೆಲ ಅನ್ನುತ್ತಿದ್ದರು. ಬ್ಯಾಟರಿಯ ಎರಡು ತಂತಿಯಲ್ಲಿ ಒಂದನ್ನು ಆ ನೆಲಕ್ಕೆ ಕಟ್ಟಲೇಬೇಕು. ಕಾಯಿಲ್ ಸುತ್ತಿ ಮುಗಿದಾಗ ಹೇಮಾವತಿ ಪ್ರತಿಸಲವೂ, "ಮಾವಾರ, ನೆಲಕ್ಕ ಯಾವುದ್ರಿ?" ಎಂದು ಕೇಳಬೇಕು, ಮಾವ "ಕರಿದು" ಅನ್ನಬೇಕು. ಈ ಕಾರಿನದು ಮುಗಿದಾಗಲೂ ಕೇಳಿದ್ದಳು, ಹಾಗೇ ಅಂದಿದ್ದ.

"ನಾ ಹದಿನಾಲ್ಕು ವರ್ಷದಾಂವ ಇದ್ದಾಗ ಅವರ ಕೈಯಾಗ ಕಲತದ್ದು ಇಂಥಾದ ಗಾಡಿ ಮ್ಯಾಲೆ," ಹುಸೇನಪ್ಪ ಹೇಳಿದ. "ಹಳೇ ಲ್ಯಾಂಡ್‌ಮಾಸ್ಟರ್‌ಗೆ ನೆಲಕ್ಕ ಕೆಂಪು ಇರತಿತ್ತು. ಆ ಹಳೇ ಡೈನಮೊಕ್ಕ ಅದು ನಡೀತಿತ್ತು, ಆಲ್ಟರ್ನೇಟರ್‌ಗೆ ನಡ್ಯಂಗಿಲ್ಲ. ಅದನ್ನ ತಿರುವಿ ಹಾಕಬೇಕು ಅಂತ ಗೊತ್ತಿತ್ತು ನನಗ. ಗೊತ್ತಿದ್ದ ಹೋದೆ. ಆದ್ರ ಬಾನೆಟ್ ತೆಗದು ಆ ಹಳೇ ಗಾಡಿ ವಾಸನಿ ಬಂತು ನೋಡು, ಉಸ್ತಾದ್ರ ಕೇಳಿದಂಗಾತು. ನಾ ಕೆಂಪು ಅಂದೆ. ಕೈ ಕಟ್ಟೇ ಬಿಟ್ಟಿತು."

"ಮತ್ತ ನನ್ನ ಮ್ಯಾಲೆ ಯಾಕ್ರಿ?"

"ಹೊಗಿ ಬಂತು. ಎಲ್ಲಾರೂ ನನ್ನ ಮಾರಿ ನೋಡಿದ್ರು. ಅಂಜಿಕಿ ಆತವ್ವಾ. ಕಣ್ಣ ಹೋಗ್ಯಾವು, ಈಗ ಬುದ್ಧೀನೂ ಹೋಗೇತಿ ಅಂದಾರು ಅಂತ ಅಂಜಿದೆ. ನಿನ್ನ ಹೆಸರು ಬಾಯಾಗ ಬಂತು."

ಹೇಮಾವತಿಗೆ ಮುದುಕನ ಮೇಲೆ ಕನಿಕರ ಬಂತು. ಸಿಟ್ಟು ಮಾತ್ರ ಹೋಗಲಿಲ್ಲ. ಎರಡೂ ಒಟ್ಟಿಗೇ ಇದ್ದವು.

"ಇದನ್ನ ನನಗ ಹೇಳಿದ್ರ ಏನ್ ಬಂತ್ರಿ ಮಾವಾರ? ನನಗ ಮೊದಲ ಗೊತ್ತಿತ್ತು. ಸಾವ್ಕಾರ್ರಿಗೆ ಹೇಳ್ರಿ. ಎಲ್ಲಿ ನನ್ನ ಹೆಸರು ಕೆಡಸೀರೋ ಅಲ್ಲೇ ಹೇಳ್ರಿ."

"ಅಷ್ಟ ಮಂದಿ ಮುಂದ?"

"ಅಷ್ಟ ಮಂದಿ ಮುಂದನ."

ರವಿಕುಮಾರ ಬಾಗಿಲಲ್ಲಿ, "ಹೇಮಾ, ಸಾಕ..." ಎಂದ.

"ನೀ ಬ್ಯಾಡ ನಡುವ," ಪಕ್ಕೀರವ್ವ ಒಳಗಿಂದ ಬಂದಳು. ಕೈಗೆಲ್ಲ ಖಾರ ಹತ್ತಿತ್ತು. ಗಂಡನ ಎದುರು ನಿಂತು ಹೇಳಿದಳು: "ನಾ ಆರು ವರ್ಷ ರೊಟ್ಟಿ ಬುಡಕ ಇಕಿ ಕೆಲಸ ಮುಚ್ಚಿಟ್ಟು ತಂದು ಕೊಟ್ಟೀನಿ ನಿಮಗ. ಅದರಾಗ ನನ್ನ ತಪ್ಪೂ ಐತಿ. ಹೋಗಿ ಹೇಳ್ರಿ. ಹೇಳೋತನ ನಿಮ್ಮ ತಾಟು ನೀವ ಹಾಕ್ಕೋರಿ."

ಹುಸೇನಪ್ಪ ತಲೆ ಅಲ್ಲಾಡಿಸಿದ. ಒಪ್ಪಿದನೋ ಸೋತನೋ, ಎರಡೂ ಒಂದೇ. ಅಂದೇ ಸ್ಟ್ಯಾಂಡು ಅಟ್ಟದಿಂದ ಇಳಿಯಿತು. ಹೇಮಾವತಿ ಆರು ದಿನ ಕೂತಳು. ಪಕ್ಕೀರವ್ವ ಕಸ, ಬಟ್ಟೆ, ನೀರು ಎಲ್ಲ ತಾನೇ ನೋಡಿಕೊಂಡಳು, ಗೊಣಗುವುದನ್ನೂ ಬಿಡಲಿಲ್ಲ. ಎರಡು ದಿನ ವಾರ್ನಿಷ್ ಮಾಳಿಗೆಯ ಬಿಸಿಲಲ್ಲಿ ಒಣಗಿತು. ಹೊಸ ಡಯೋಡು ಕೂತವು. ಹುಸೇನಪ್ಪ ರೂಢಿಯಂತೆ ಉಳಿ ಸುತ್ತಿಗೆ ಎತ್ತಿಕೊಂಡಾಗ ಸೊಸೆ ಕಾಯಿಲನ್ನು ತನ್ನ ಕಡೆ ಎಳೆದುಕೊಂಡಳು.

"ಗುರುತು ಬ್ಯಾಡ್ರಿ. ಮೊದಲ ಹೋಗಿ ಬರೋಣು."

ಮದುವೆಗೆ ಎರಡು ದಿನ ಇದ್ದಾಗ ಇಬ್ಬರೂ ಬೆಳಗಿನ ಬಸ್ಸು ಹತ್ತಿದರು. ಆಲ್ಟರ್ನೇಟರ್ ಹೇಮಾವತಿಯ ತೊಡೆಯ ಮೇಲಿತ್ತು. ರೊಟ್ಟಿಯ ಗಂಟು ಬೇರೆ ಚೀಲದಲ್ಲಿತ್ತು. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಗಂಗಾವತಿ ಮುಟ್ಟಿದರು.

ಮಿಲ್ಲಿನ ಅಂಗಳದಲ್ಲಿ ಪೆಂಡಾಲಿನ ಬೊಂಬು ಇಳಿಸುತ್ತಿದ್ದರು. ಒಂದು ಬದಿಗೆ ಭತ್ತದ ಹೊಟ್ಟಿನ ರಾಶಿ, ಇನ್ನೊಂದು ಬದಿಗೆ ಒರೆಸಿ ಮಿಂಚುತ್ತಿದ್ದ ಕಾರು. ಹನಮೇಶ ಬಾನೆಟ್ ಎತ್ತಿದ. ಗೋವಿಂದರಾಜ ಸಾವ್ಕಾರರು ಮೆಟ್ಟಿಲಿಳಿದು ಬಂದರು. ಹಮಾಲರು ಕೆಲಸ ಬಿಟ್ಟು ಸುತ್ತ ಸೇರಿದರು. ಒಮ್ಮೆ ಹೊಗೆ ನೋಡಿದವರಿಗೆ ಇನ್ನೊಮ್ಮೆ ನೋಡುವ ಆಸೆ ಇದ್ದೇ ಇರುತ್ತದೆ.

"ಏನ್ ಮಿಸ್ತ್ರಿ," ಸಾವ್ಕಾರರು ಕೇಳಿದರು, "ಈ ಸಲ ನೀವ ಕುಂತು ಸುತ್ತೀರಿಲ್ಲೋ? ಹೆಣ್ಮಕ್ಕಳ ಕೈಗೆ ಕೊಟ್ಟಿಲ್ಲಲ್ಲ?"

ಹುಸೇನಪ್ಪ ಬಗ್ಗಿ ಸಾಮಾನಿನ ಚೀಲದಲ್ಲಿ ಬೋಲ್ಟ್ ಬಿಗಿಯುವ ಪಾನಾ ಹುಡುಕತೊಡಗಿದ. ಬೇಕಾದ ಪಾನಾ ಮೇಲೆಯೇ ಇತ್ತು. ಹೇಮಾವತಿ ಆಲ್ಟರ್ನೇಟರನ್ನು ಕೂಸಿನ ಹಾಗೆ ಟೊಂಕದ ಮೇಲೆ ಹೊತ್ತು ನಿಂತಿದ್ದಳು. ಹನಮೇಶ ಕೈ ಚಾಚಿದ, ಅವಳು ಕೊಡಲಿಲ್ಲ. ಇವನು ಹೇಳದಿದ್ದರೆ ಇದನ್ನು ಹೊತ್ತುಕೊಂಡೇ ಬಸ್ಸು ಹತ್ತುತ್ತೇನೆ ಎಂದು ಅವಳು ಆಗಲೇ ನಿಶ್ಚಯಿಸಿದ್ದಳು.

ಮಿಸ್ತ್ರಿ ಎದ್ದು ನಿಂತ. ಪಾನಾ ಕೈಯಲ್ಲಿರಲಿಲ್ಲ.

"ಇದನ್ನೂ ಅಕೀನ ಸುತ್ಯಾಳ್ರಿ ಸಾವ್ಕಾರ್ರ. ಮೊದಲಿಂದೂ ಅಕೀನ ಸುತ್ತಿದ್ಲು. ಅದು ಸುಟ್ಟಿದ್ದಿಲ್ರಿ. ಬ್ಯಾಟರಿ ಉಲ್ಟಾ ಹಚ್ಚಿದಾಂವ ನಾನು. ತಪ್ಪು ನಂದು. ಅಕೀ ಮ್ಯಾಲೆ ಹಾಕಿ ಹೋದೆ."

ಹನಮೇಶ ಚಾಚಿದ ಕೈ ಹಿಂದೆ ತೆಗೆದುಕೊಂಡ.

"ನಲ್ವತ್ತ ವರ್ಷದ ಮಿಸ್ತ್ರಿಗೆ ಕೆಂಪು ಯಾವುದು ಕರಿದು ಯಾವುದು ಗೊತ್ತಾಗ್ಲಿಲ್ಲೇನ್ರಿ?" ಸಾವ್ಕಾರರು ಅಂದರು. ಹಮಾಲರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಜೋರಾಗಿಯೇ ನಕ್ಕರು. ಹುಸೇನಪ್ಪ ನಕ್ಕವರ ಕಡೆ ನೋಡಲಿಲ್ಲ, ತಲೆಯನ್ನೂ ಬಗ್ಗಿಸಲಿಲ್ಲ.

ಸಾವ್ಕಾರರ ಮುಖ ಬಿಗಿದಿತ್ತು. "ನೀವು ಗಾಡಿಗೆ ಕೈ ಹಚ್ಚಬ್ಯಾಡ್ರಿ ಇನ್ನ. ಆ ತಂಗೀನ ಕೂಡಸಲಿ. ದೂರ ನಿಂದರ್ರಿ."

ಹುಸೇನಪ್ಪ ಹೋಗಿ ಹೊಟ್ಟಿನ ರಾಶಿಯ ಪಕ್ಕ ನಿಂತ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ, ತೆರೆದ ಬಾನೆಟ್ಟಿನಿಂದ ಅಷ್ಟು ದೂರ ನಿಂತಿದ್ದ.

ಹೇಮಾವತಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಇಷ್ಟು ವರ್ಷ ಸುತ್ತಿ ಕೊಟ್ಟಿದ್ದಳೇ ಹೊರತು ಗಾಡಿಗೆ ಕೂರಿಸುವುದನ್ನು ಕಣ್ಣಾರೆ ಕಂಡವಳಲ್ಲ. ಬೋಲ್ಟಿನ ತೂತು ಒಂದಕ್ಕೊಂದು ಕೂಡಲು ಮೂರು ಸಲ ಪ್ರಯತ್ನಿಸಬೇಕಾಯಿತು. ಹನಮೇಶ ಬೆಲ್ಟ್ ಎಳೆದು ಕೊಟ್ಟ. ಮೆಟ್ಟಿಲ ಮೇಲಿಂದ ಮದುಮಗಳು ರೂಪಾ, "ಅಕ್ಕಾರ, ದೀಪ ಹತ್ತತಾವಲ್ರಿ?" ಎಂದು ಕೂಗಿ ಕೇಳಿದಳು. ಹೇಮಾವತಿ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದಳು.

ಉಳಿದದ್ದು ಬ್ಯಾಟರಿ. ಕೆಂಪು ತಂತಿ ಒಂದು ಕೈಯಲ್ಲಿ, ಕರಿಯದು ಒಂದು ಕೈಯಲ್ಲಿ ಹಿಡಿದಳು. ಯಾವುದು ಎಲ್ಲಿಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಟ್ಟಲಿಲ್ಲ. ಬೆನ್ನು ನೇರ ಮಾಡಿ, ಜನರ ತಲೆಗಳಾಚೆ ಹೊಟ್ಟಿನ ರಾಶಿಯ ಕಡೆ ತಿರುಗಿ, ಮನೆಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ಮಾವಾರ, ನೆಲಕ್ಕ ಯಾವುದ್ರಿ?"

ಎಲ್ಲರೂ ತಿರುಗಿ ನೋಡಿದರು. ಈಗ ಯಾರೂ ನಗಲಿಲ್ಲ. ಹುಸೇನಪ್ಪ ಹೊಟ್ಟಿನ ರಾಶಿಯಿಂದ ಒಂದು ಹೆಜ್ಜೆ ಮುಂದೆ ಬಂದ.

"ಕರಿದವ್ವಾ," ಅಂದ. "ಕರಿದು."

"ಹೂಂ ರೀ."

ಅವಳು ಕಟ್ಟಿದಳು. ಹೊಗೆ ಬರಲಿಲ್ಲ. ಹನಮೇಶ ಗಾಡಿ ಶುರು ಮಾಡಿದ. ಮುಂದಿನ ದೀಪ, ಹಿಂದಿನ ದೀಪ, ಹೊಸದಾಗಿ ಹಾಕಿಸಿದ ಫ್ಯಾನು, ಹಾರ್ನು ಎಲ್ಲ ಒಮ್ಮೆಗೇ ಹಚ್ಚಿದ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ದೀಪದ ಬೆಳಕು ಎದುರಿನ ಗೋಡೆಗೆ ಬಿದ್ದದ್ದು ಕಾಣಿಸಿತು. ಸಾವ್ಕಾರರು ಗೋಡೆಯನ್ನೂ ಅವಳನ್ನೂ ನೋಡಿ, "ನಿನ್ನ ಫೋನ್ ನಂಬರ್ ಕೊಡು ತಂಗಿ. ನಿಂದು, ಅಂಗಡಿದಲ್ಲ" ಅಂದರು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಹುಸೇನಪ್ಪ, ಅವನ ಪಕ್ಕ ಹೇಮಾವತಿ. ಗಿಣಿಗೇರಾ ದಾಟುವಾಗ ಪಕ್ಕೀರವ್ವನ ಫೋನ್ ಬಂತು. ಎಂದಿನಂತೆ ಸ್ಪೀಕರಿನಲ್ಲಿ.

"ಏನಾತ್ರಿ?"

"ಹತ್ತಿದ್ವು. ಎಲ್ಲಾ ದೀಪ ಹತ್ತಿದ್ವು. ಸಾವ್ಕಾರ್ರು ಹೇಮಾನ ನಂಬರ್ ಇಸ್ಕೊಂಡ್ರು."

"ದೀಪದ್ದು ಯಾರ್ ಕೇಳಿದ್ರು?"

ಹುಸೇನಪ್ಪ ಸೊಸೆಯ ಕಡೆ ನೋಡಲಿಲ್ಲ. ಕಿಟಕಿಯಾಚೆ ಫ್ಯಾಕ್ಟರಿಯ ಗೋಡೆ ಮುಗಿಯುವವರೆಗೆ ನೋಡುತ್ತ ಕೂತಿದ್ದ. ಆಮೇಲೆ ಹೇಳಿದ.

"ಹೇಳ್ದೆ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ. ನಕ್ಕರು ಮಂದಿ."

ಫೋನಿನಲ್ಲಿ ಪಾತ್ರೆಯೊಂದು ಸರಿಸಿದ ಸದ್ದಾಯಿತು.

"ನಗಲಿ ಬಿಡ್ರಿ," ಅಂದಳು ಪಕ್ಕೀರವ್ವ. "ಲಗೂ ಬರ್ರಿ ಇಬ್ರೂ. ಈ ಸಲ ಕೈಕಾಲ ತೊಳ್ಕೊಂಡು ಕುಂದರ್ರಿ. ನಾ ಹಾಕ್ತೀನಿ."